ಯಾವ ಊರಿನದೂ ಅಲ್ಲದ ಬೀದಿ

ದಾವಣಗೆರೆ
12 ನವೆಂಬರ್ 1958

ಅಬ್ಬಾ ಅವರಿಗೆ, ಅಮ್ಮಿಗೆ, ಮಾಸೂಮಾ ಆಪಾಗೆ ರೌಫನ ಸಲಾಂ.

ಆಪಾ, ಇದನ್ನು ಅಬ್ಬಾನಿಗೆ ಓದಿ ಹೇಳುವಾಗ ಸ್ವಲ್ಪ ನಿಧಾನವಾಗಿ ಓದು. ನಿನ್ನದು ರೈಲು ಓದು, ಒಳ್ಳೆಯ ಸುದ್ದಿಯೂ ಸ್ಟೇಷನ್ ದಾಟಿ ಹೋಗಿಬಿಡುತ್ತದೆ. ಸುದ್ದಿ ಏನೆಂದರೆ ನನಗೆ ಕೆಲಸ ಸಿಕ್ಕಿತು! ಇಲ್ಲಿ ಟೆಂಟು ಹಾಕಿರುವ ತಿಪ್ಪೇರುದ್ರಪ್ಪನವರ ನಾಟಕ ಕಂಪನಿಯಲ್ಲಿ, ಪರದೆ ಬರೆಯುವ ಉಸ್ತಾದ್ ಚಾಂದ್ ಪಾಷಾ ಅವರ ಕೈಕೆಳಗೆ. ಅರಮನೆ, ಕಾಡು, ಕೈಲಾಸ, ಎಲ್ಲವನ್ನೂ ಬಟ್ಟೆಯ ಮೇಲೆ ಬರೆಯುವುದು.

ಕೆಲಸ ನಡೆಯುವುದು ಮಿಲ್ಲಿನ ಹಿಂದಿನ ಒಂದು ಖಾಲಿ ಹತ್ತಿ ಗೋದಾಮಿನಲ್ಲಿ. ನೆಲದ ಉದ್ದಕ್ಕೂ ಬಟ್ಟೆ ಹಾಸಿ, ಉದ್ದನೆಯ ಕೋಲಿಗೆ ಕುಂಚ ಕಟ್ಟಿ, ಬರಿಗಾಲಲ್ಲಿ ಅದರ ಮೇಲೇ ಓಡಾಡುತ್ತ ಬರೆಯುತ್ತೇವೆ. ಬಣ್ಣದ ಪುಡಿಗೆ ಅಂಟು ಕಾಸಿ ಬೆರೆಸುವ ಕೆಲಸ ನನ್ನದು. ಗೋದಾಮು ಖಾಲಿಯಾದರೂ ಹತ್ತಿ ಖಾಲಿಯಾಗಿಲ್ಲ. ಗಾಳಿ ಬಂದಾಗಲೆಲ್ಲ ತೊಲೆಗಳ ಮೇಲಿನಿಂದ ಎಳೆಗಳು ಇಳಿಯುತ್ತವೆ. ಸಂಜೆಗೆ ನನ್ನ ಹುಬ್ಬೆಲ್ಲ ಬೆಳ್ಳಗಾಗಿರುತ್ತದೆ. ಮಂಡಕ್ಕಿ ಅಂಗಡಿಯವನು ನನ್ನನ್ನು 'ಬರ್ರಿ ಅಜ್ಜಾರೆ' ಎಂದೇ ಕರೆಯುತ್ತಾನೆ.

ಅಬ್ಬಾ, ನೀವು ಹೇಳಿದ್ದೆಲ್ಲ ನೆನಪಿದೆ. ಈ ಸಲದ ಈದ್ ಕಳೆಯುವಷ್ಟರಲ್ಲಿ ನಾನು ಏನಾದೆ ಎಂದು ತೋರಿಸಬೇಕು, ಇಲ್ಲದಿದ್ದರೆ ಬಾಯಿ ಮುಚ್ಚಿಕೊಂಡು ನಮ್ಮೂರಿನ ಹೊಸ ಕಾರ್ಖಾನೆಗೆ ಸೇರಬೇಕು. ಜೀವ ಇರುವುದರ ಮುಖ ಬರೆಯಬಾರದು ಎಂದು ಹೊಸಿಲ ಮೇಲೆ ನಿಂತು ಹೇಳಿದಿರಿ, ಅದನ್ನೂ ಮರೆತಿಲ್ಲ. ಮಾತು ಕೊಟ್ಟಿದ್ದೇನೆ.

ಇಂತಿ ನಿಮ್ಮ ಮಗ,
ಕಲಾವಿದ ಎಚ್. ರೌಫ್

*

ಹರಿಹರ
19 ನವೆಂಬರ್ 1958

ರೌಫನಿಗೆ ಅಬ್ಬಾ ಹೇಳಿ ಬರೆಸುತ್ತಿರುವುದು. ಕಲಾಯಿ ಅಂಗಡಿಯಲ್ಲಿ ಒಲೆಗೆ ತಿದಿ ಒತ್ತುತ್ತ ಹೇಳುತ್ತಿದ್ದಾರೆ, ಅರ್ಧ ಮಾತು ತಿದಿಯ ಸದ್ದಿಗೆ ಹೋಯಿತು. ಉಳಿದದ್ದು ಇಷ್ಟು.

'ಹೊತ್ತಿಗೆ ಸರಿಯಾಗಿ ಉಣ್ಣು. ನಮಾಜು ಬಿಡಬ್ಯಾಡ. ಕಂಪನಿ ಜನದ ಜೊತೆ ಬೀಡಿ ಕಲೀಬ್ಯಾಡ. ಪರದೆ ಬರೆಯೋದು ಅಂದ್ರೆ ಏನು ಅಂತ ನನಗೆ ಗೊತ್ತಿಲ್ಲ. ಪಾತ್ರೆಗೆ ಕಲಾಯಿ ಹಾಕಿದ್ರೆ ಒಳಗಿನ ಸಾರು ಕೆಡಲ್ಲ. ಬಟ್ಟೆಗೆ ಬಣ್ಣ ಹಚ್ಚಿದ್ರೆ ಏನು ಕೆಡಲ್ಲ? ಅಷ್ಟು ಬರಿ.'

ಇನ್ನು ಕೆಳಗಿನದು ನನ್ನದು. ಇದನ್ನು ಅವರಿಗೆ ಓದಿ ಹೇಳುವುದಿಲ್ಲ.

'ಕಲಾವಿದ ಎಚ್. ರೌಫ್' ಎಂದು ಓದಿದೆ. ಅಬ್ಬಾ ತಿದಿ ನಿಲ್ಲಿಸಿ, 'ಅದು ಯಾರು?' ಎಂದರು. ಪಕ್ಕದ ಹಿತ್ತಾಳೆ ಪಾತ್ರೆ ಅಂಗಡಿಯಿಂದ ಉಜ್ಜನಪ್ಪ ಕಾಕಾ ಕೇಳಿಸಿಕೊಂಡು, ನಿನಗೆ ಮೈಸೂರಿನಿಂದ ಶಾಲು ಯಾವಾಗ ಬರುತ್ತದೆ ಎಂದು ವಿಚಾರಿಸಿದರು. ಹೋಗಿ ಇನ್ನೂ ಹದಿನೈದು ದಿನವಾಗಿಲ್ಲ, ಅಂಟು ಕಾಸುವ ಕೆಲಸ, ಆಗಲೇ ಕಲಾವಿದ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದರಂತೆ. ಅಮ್ಮಿ ಮಾತ್ರ ಆ ಕಾಗದವನ್ನು ಹಿಟ್ಟಿನ ಡಬ್ಬಿಯ ಕೆಳಗೆ ಇಟ್ಟುಕೊಂಡಿದ್ದಾಳೆ. ಓದಲು ಬರದವಳಿಗೆ ಅದರಲ್ಲಿ ಏನು ಕಾಣುತ್ತದೋ ನಾನು ಕೇಳಲಿಲ್ಲ.

ನಿನ್ನ ಆಪಾ,
ಮಾಸೂಮಾ

*

ದಾವಣಗೆರೆ
4 ಜನವರಿ 1959

ಅಬ್ಬಾ ಅವರಿಗೆ, ಅಮ್ಮಿಗೆ ಸಲಾಂ. ಆಪಾ, ನಿನಗೆ ಈ ಸಲ ಸಲಾಂ ಇಲ್ಲ. ಕುಲಾವಿಯ ಸಿಟ್ಟು ಇನ್ನೂ ಇಳಿದಿಲ್ಲ.

ದರ್ಬಾರಿನ ಪರದೆ ಮುಗಿಯಿತು. ಕಂಬಗಳೆಲ್ಲ ನನ್ನವು. ಸಿಂಹಾಸನದ ಎರಡೂ ಕಡೆ ನವಿಲು ಬರೆಯಬೇಕಿತ್ತು, ನಾನು ಕೈಕಟ್ಟಿ ನಿಂತೆ. ಉಸ್ತಾದರಿಗೆ ಅರ್ಥವಾಯಿತು. 'ಅಬ್ಬಾಗೆ ಮಾತು ಕೊಟ್ಟೀಯಾ? ಸರಿ, ನವಿಲಿನ ಪಾಪ ನನಗಿರಲಿ, ಕಂಬದ ಪುಣ್ಯ ನೀನು ತಗೋ' ಎಂದು ನಕ್ಕು ತಾವೇ ಬರೆದರು. ಆಟದ ದಿನ ದೀಪ ಬಿದ್ದಾಗ ಆ ಕಂಬಗಳು ಕಲ್ಲಿನ ಹಾಗೆ ನಿಂತುಬಿಟ್ಟವು. ಹೊಸದಾಗಿ ಸೇರಿದ ಮಂತ್ರಿ ಪಾತ್ರದವನು ಒರಗಲು ಹೋಗಿ ಮುಗ್ಗರಿಸಿದ. ನನಗಾದ ಖುಷಿಗೆ ಪರದೆಯ ಹಗ್ಗ ಎಳೆಯುವವನ ಹೆಗಲು ಕಚ್ಚಿದೆ, ಅವನು ಈಗಲೂ ನನ್ನ ಜೊತೆ ಮಾತು ಬಿಟ್ಟಿದ್ದಾನೆ.

ಕೆಳಗಿನ ಮೂಲೆಯಲ್ಲಿ 'ಪೇಂಟರ್ ಚಾಂದ್ ಪಾಷಾ' ಎಂದಿದೆ. ಕೈ ಶಿಷ್ಯನದಾದರೂ ಹೆಸರು ಉಸ್ತಾದನದು, ಇಲ್ಲಿನ ಪದ್ಧತಿ ಹಾಗೆ. ಅದಕ್ಕೆ ಬೇಸರವಿಲ್ಲ. ಬೇಸರ ಬೇರೆಯದು. ಇಲ್ಲಿ ಎಲ್ಲವೂ ನಕಲು. ಹಳೆಯ ಪರದೆ ಸವೆದರೆ ಅದನ್ನು ಪಕ್ಕದಲ್ಲಿ ಹಾಸಿಕೊಂಡು ಗೆರೆ ತಪ್ಪದಂತೆ ಹೊಸ ಬಟ್ಟೆಗೆ ಇಳಿಸುವುದು. ನಾನು ಎಷ್ಟು ಚೆನ್ನಾಗಿ ಇಳಿಸುತ್ತೇನೆಂದರೆ ಉಸ್ತಾದರ ಕಂಬ ಯಾವುದು ನನ್ನದು ಯಾವುದು ಎಂದು ನನಗೇ ಹೇಳಲು ಬರುವುದಿಲ್ಲ. ಹಾಗಾದರೆ ನಾನು ಎಲ್ಲಿದ್ದೇನೆ? ಕುಂಚ ಹಿಡಿದಾಗ ಊಟ ನೆನಪಾಗುವುದಿಲ್ಲ. ಆದರೆ ಹೊರಗೆ ಬರುವುದೆಲ್ಲ ಇನ್ನೊಬ್ಬರದು.

ಅಬ್ಬಾ, ಬಣ್ಣ ಹಚ್ಚಿದರೆ ಏನು ಕೆಡುವುದಿಲ್ಲ ಎಂದು ಕೇಳಿದ್ದೀರಿ. ಹುಡುಕುತ್ತಿದ್ದೇನೆ. ಸಿಕ್ಕ ಕೂಡಲೇ ಬರೆಯುತ್ತೇನೆ.

ಇಂತಿ,
ಕಂಬಗಳ ರೌಫ್

*

ದಾವಣಗೆರೆ
20 ಫೆಬ್ರವರಿ 1959

ಆಪಾ,

ಇದು ನಿನಗೆ ಮಾತ್ರ. ಅಬ್ಬಾನಿಗೆ ಓದಬೇಡ. ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾದರೆ ಬಿಡಿಸಿಕೊಂಡು ಓದು.

ಉಸ್ತಾದರು ಮಗಳ ಮದುವೆಗೆಂದು ಹುಬ್ಬಳ್ಳಿಗೆ ಹೋದರು. ಹೋಗುವಾಗ ಬೀದಿ ಪರದೆಯನ್ನು ನನಗೆ ವಹಿಸಿದರು. ಬೀದಿ ಪರದೆ ಎಂದರೆ ಪ್ರತಿ ಕಂಪನಿಯಲ್ಲೂ ಎಲ್ಲಕ್ಕಿಂತ ಮುಂದೆ ಇರುವುದು. ಹಿಂದೆ ಅರಮನೆ ಬಿಚ್ಚಿ ಕಾಡು ಕಟ್ಟುವಾಗ ಇದನ್ನು ಇಳಿಸಿ ಮುಂದೆ ಹಾಸ್ಯಗಾರನನ್ನು ಬಿಡುತ್ತಾರೆ. ಹಳೆಯದನ್ನು ಇಲಿ ತಿಂದಿವೆ. ಅದರಲ್ಲಿ ಗಡಿಯಾರದ ಗೋಪುರ, ಕಮಾನಿನ ಮಹಡಿಗಳು, ಯಾರೂ ಹತ್ತದ ಮೆಟ್ಟಿಲುಗಳು ಇದ್ದವು. ಅಂಥ ಬೀದಿಯನ್ನು ನಾನು ಎಲ್ಲೂ ನೋಡಿಲ್ಲ. ಯಾವ ಊರು ಇದು ಎಂದು ಕೇಳಿದೆ. ಉಸ್ತಾದರು, 'ಯಾವ ಊರಿಂದೂ ಅಲ್ಲ. ಅದಕ್ಕೇ ಎಲ್ಲಾ ಊರಿಗೂ ಸಲ್ತೈತೆ. ಇದ್ದಂಗೇ ಇಳಿಸು' ಎಂದು ಹೇಳಿ ರೈಲು ಹತ್ತಿದರು.

ನಾನು ಇದ್ದ ಹಾಗೆಯೇ ಇಳಿಸಲು ಕೂತೆ, ಆಣೆ ಮಾಡಿ ಹೇಳುತ್ತೇನೆ. ಮೊದಲನೆಯ ಮಹಡಿ ಸರಿಯಾಗಿ ಬಂತು. ಎರಡನೆಯದರ ಕಮಾನು ಬರೆಯುವಾಗ ಕೈ ತಾನೇ ತಿರುಗಿತು. ನೋಡಿದರೆ ಅದು ಉಜ್ಜನಪ್ಪ ಕಾಕಾ ಅವರ ಅಂಗಡಿಯ ಕಮಾನು, ಗಾರೆ ಉದುರಿದ ಜಾಗ ಸಮೇತ! ಅಳಿಸಬೇಕು ಎಂದುಕೊಂಡೆ. ಅಳಿಸುವ ಬದಲು ಅದರ ಮುಂದೆ ಹಿತ್ತಾಳೆಯ ಹಂಡೆಗಳನ್ನು ಜೋಡಿಸಿದೆ. ಆಮೇಲೆ ನನ್ನನ್ನು ಹಿಡಿಯುವವರೇ ಇರಲಿಲ್ಲ, ಕಣ್ಣಿ ಕಿತ್ತ ಕರುವಾದೆ. ನಮ್ಮ ಪೇಟೆ ಬೀದಿ ಇಡೀ ಬಂತು. ಚೌಡವ್ವನ ಹೂವಿನ ಕಟ್ಟೆ, ಬಾಗಿದ ದೀಪದ ಕಂಬ, ಗುಡಿಯ ಕಡೆ ತಿರುಗುವ ಸಂದಿ, ಸಂದಿಯ ತುದಿಯಲ್ಲಿ ಒಂದೇ ಒಂದು ಗೆರೆಯಷ್ಟು ಹೊಳೆಯ ನೀರು. ಯಾವ ನಕಲನ್ನೂ ನೋಡಬೇಕಾಗಲಿಲ್ಲ. ಹುಟ್ಟಿದಾಗಿನಿಂದ ಅಲ್ಲೇ ಕೂತಿದ್ದೆನಲ್ಲ.

ನಮ್ಮ ಅಂಗಡಿಯನ್ನು ಕೊನೆಗೆ ಇಟ್ಟುಕೊಂಡಿದ್ದೆ, ಚಿಕ್ಕವರಿದ್ದಾಗ ನೀನು ಸಿಹಿಯನ್ನು ಕೊನೆಗೆ ಉಳಿಸಿಕೊಳ್ಳುತ್ತಿದ್ದೆಯಲ್ಲ, ಹಾಗೆ. ಬಾಗಿಲು ತೆರೆದಿದೆ, ಒಲೆ ಉರಿಯುತ್ತಿದೆ, ತಿದಿ ಇದೆ, ಗೋಣಿಚೀಲ ಹಾಸಿದೆ, ಅರ್ಧ ಕಪ್ಪು ಅರ್ಧ ಬಿಳಿ ಪಾತ್ರೆಗಳ ಸಾಲು ಇದೆ. ಕಾದ ಪಾತ್ರೆಗೆ ನವಸಾಗರದ ಪುಡಿ ಹಾಕಿದಾಗ ಏಳುವ ಆ ಘಾಟಿನ ಬಿಳಿ ಹೊಗೆ ಮಾತ್ರ ಬರಲೊಲ್ಲದು. ಎಷ್ಟು ಬಳಿದರೂ ಸುಣ್ಣ ಚೆಲ್ಲಿದಂತೆ ಕಾಣುತ್ತಿತ್ತು. ಸಿಟ್ಟು ಬಂದು ಹಸಿ ಬಣ್ಣವನ್ನು ಹಾಗೇ ಬಿಟ್ಟು ಉಣ್ಣಲು ಹೋದೆ, ಗೋದಾಮಿನ ಬಾಗಿಲು ಹಾಕುವುದನ್ನು ಮರೆತೆ. ಬಂದು ನೋಡಿದರೆ ಗಾಳಿಗೆ ಹತ್ತಿಯ ಎಳೆಗಳೆಲ್ಲ ಇಳಿದು ಆ ಹಸಿಯ ಮೇಲೇ ಅಂಟಿಕೊಂಡಿದ್ದವು. ಉಸ್ತಾದರು ಕಂಡರೆ ಚರ್ಮ ಸುಲಿಯುತ್ತಾರೆ. ಒಂದೊಂದೇ ಎಳೆ ತೆಗೆಯಲು ಮಂಡಿಯೂರಿದೆ. ಬಾಗಿಲಿಂದ ಇನ್ನೊಮ್ಮೆ ಗಾಳಿ ಬಂತು, ಎಳೆಗಳು ಮೆಲ್ಲಗೆ ಅಲುಗಿದವು. ಆಪಾ, ಅದು ಅಬ್ಬಾನ ಹೊಗೆ. ನನಗೆ ಮೂಗು ಉರಿದ ಹಾಗಾಯಿತು.

ತೆಗೆಯಲಿಲ್ಲ. ಗೋದಾಮಿನಲ್ಲಿ ಒಬ್ಬನೇ ಕುಣಿದೆ.

ನಾನು ಯಾರೆಂದು ಇನ್ನೂ ಗೊತ್ತಿಲ್ಲ, ಆದರೂ ಬಹಳ ಖುಷಿಯಲ್ಲಿರುವ
ರೌಫ್

*

ದಾವಣಗೆರೆ
9 ಮಾರ್ಚ್ 1959

ಆಪಾ,

ಖುಷಿ ಮುಗಿಯಿತು.

ಉಸ್ತಾದರು ನಿನ್ನೆ ಬಂದರು. ಗೋದಾಮಿನ ಬಾಗಿಲಲ್ಲೇ ನಿಂತರು. ಚಪ್ಪಲಿ ಬಿಟ್ಟು, ಬರೆದ ಬೀದಿಯ ಅಂಚಿನಲ್ಲೇ ಈ ತುದಿಯಿಂದ ಆ ತುದಿಗೆ ನಡೆದು, ನಮ್ಮ ಅಂಗಡಿಯ ಮುಂದೆ ಕುಕ್ಕುರುಗಾಲಲ್ಲಿ ಕೂತು ಹತ್ತಿಯನ್ನು ಬೆರಳ ತುದಿಯಿಂದ ಮುಟ್ಟಿದರು. ಯಾವ ಊರು ಎಂದು ಕೇಳಿದರು. ನಮ್ಮ ಊರು ಎಂದೆ. 'ನನ್ನ ಹೆಸರು ಇದಕ್ಕೆ ಬ್ಯಾಡ' ಎಂದರು. ಅಷ್ಟೇ ಹೇಳಿ ಹೊರಗೆ ಹೋದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮಾಲೀಕ ತಿಪ್ಪೇರುದ್ರಪ್ಪನವರ ಬೈಗುಳವನ್ನಂತೂ ತಡೆದುಕೊಳ್ಳಲಾಗಲಿಲ್ಲ. ಸಾಕ್ಷಾತ್ ಕೃಷ್ಣ ಪರಮಾತ್ಮ ಬಂದು ಕಲಾಯಿ ಅಂಗಡಿಯ ಮುಂದೆ ನಿಲ್ಲಬೇಕೇನು ಎಂದು ಕೂಗಾಡಿದರು. ಬೇರೆ ಬಟ್ಟೆ ಇಲ್ಲ. ಈ ಬಣ್ಣ ನೀರು ಹಾಕಿದರೆ ತೊಳೆದುಹೋಗುತ್ತದೆ, ಆಗಲೇ ತೊಳೆಸಿಬಿಡುತ್ತಿದ್ದರು. ಮುಂದಿನ ಕ್ಯಾಂಪು ಆ ಬೀದಿಯ ಊರಾದ ಹರಿಹರವೇ ಎಂದು ನೆನಪಾಗಿ ತಡೆದರು. ಈದ್ ಕಳೆದ ಮೇಲೆ ಅಲ್ಲಿ ಮೊದಲ ಆಟಕ್ಕೆ ಇದನ್ನೇ ಇಳಿಸುತ್ತಾರಂತೆ. 'ಜನ ನಕ್ಕರೆ ತೊಳದು ಹಳೇ ಬೀದಿ ಬರಿ. ಆಗಲ್ಲಾ ಅಂದ್ರೆ ಗಂಟು ಕಟ್ಟು' ಎಂದರು.

ತೊಳೆದು ಹಳೆಯದನ್ನು ಬರೆಯಲು ನನ್ನ ಕೈ ಏಳುವುದಿಲ್ಲ ಆಪಾ. ಬರೆಯದಿದ್ದರೆ ಕಾರ್ಖಾನೆ. ನಾನು ಬರೆದದ್ದು ಕಲೆಯೋ, ಹುಚ್ಚೋ ನನಗೆ ತಿಳಿಯದಾಗಿದೆ.

ಏನೂ ಅಲ್ಲದ
ರೌಫ್

*

ಹರಿಹರ
22 ಮಾರ್ಚ್ 1959

ರೌಫ್,

ರೋಜಾ ಹಿಡಿದು ಬರೆಯುತ್ತಿದ್ದೇನೆ, ಸಿಟ್ಟು ಮಾಡಬಾರದು. ಆದರೂ ಮಾಡುತ್ತೇನೆ. ಒಂದು ಕಾಗದದಲ್ಲಿ ಕುಣಿಯುತ್ತೀಯ, ಮುಂದಿನದರಲ್ಲಿ ಅಳುತ್ತೀಯ. ನಿನ್ನ ಉಸ್ತಾದರು 'ನನ್ನ ಹೆಸರು ಬ್ಯಾಡ' ಎಂದರು. ಯಾರ ಹೆಸರೂ ಬೇಡ ಎಂದರೇನು? ಇದನ್ನು ಕೂತು ಯೋಚನೆ ಮಾಡು.

ಅಬ್ಬಾ ಕಾರ್ಖಾನೆಯ ಸಾಹೇಬರನ್ನು ಕಂಡು ಬಂದಿದ್ದಾರೆ. ಮೇ ತಿಂಗಳಿಗೆ ಹೊಸ ಹುಡುಗರನ್ನು ತೆಗೆದುಕೊಳ್ಳುತ್ತಾರಂತೆ. ನಿನ್ನ ಮಾತು ನಿನಗೆ ನೆನಪಿರಲಿ. ಪರದೆಯ ಸುದ್ದಿ ನಾನು ಮನೆಯಲ್ಲಿ ಎತ್ತಿಲ್ಲ.

ಒಂದು ಕೇಳುತ್ತೇನೆ. ಬಾಗಿಲು, ಒಲೆ, ತಿದಿ, ಚೀಲ ಎಲ್ಲವನ್ನೂ ಬರೆದೆ ಎಂದೆ. ಅಂಗಡಿಯಲ್ಲಿ ಯಾರು ಕೂತಿದ್ದಾರೆ ಎಂದು ಬರೆಯಲೇ ಇಲ್ಲವಲ್ಲ.

ಮಾಸೂಮಾ

*

ದಾವಣಗೆರೆ
18 ಏಪ್ರಿಲ್ 1959

ಆಪಾ,

ಈದ್ ದಿನ ಬಂದು ನಿನ್ನ ಕೈಯ ಶೀರ್‌ಕುರ್ಮಾ ಉಂಡು ಹೋದೆ, ಆದರೆ ನಿನ್ನ ಪ್ರಶ್ನೆಗೆ ಉತ್ತರ ಹೇಳದೆ ಹೋದೆ. ಅಬ್ಬಾ ನನ್ನ ಉಗುರು ನೋಡಿದರು. ಬಣ್ಣ ಹೋಗಿರಲಿಲ್ಲ. ಅವರ ಉಗುರಲ್ಲೂ ಮಸಿ ಇತ್ತು.

ಕಂಪನಿಯ ಸಾಮಾನೆಲ್ಲ ನಾಳೆ ಲಾರಿಯಲ್ಲಿ ಹರಿಹರಕ್ಕೆ ಹೊರಡುತ್ತದೆ. ಪರದೆ ಬರುತ್ತದೆ, ನಾನು ಬರುವುದಿಲ್ಲ. ಗೋದಾಮು ಖಾಲಿ ಮಾಡುವ ನೆಪ ಹೇಳಿ ಇಲ್ಲೇ ಉಳಿದಿದ್ದೇನೆ. ಒಂದು ತಾಸಿನ ದಾರಿ ಎಂದು ನೀನು ಬೈಯುತ್ತೀಯ, ಗೊತ್ತು. ಊರ ಜನ ಅಬ್ಬಾನ ಅಂಗಡಿ ನೋಡಿ ನಗುವುದನ್ನು ನಾನು ಪಕ್ಕದಲ್ಲಿ ನಿಂತು ಕೇಳಲಾರೆ. ಆಟ ಹೇಗಾಯಿತೆಂದು ಬರೆ, ಮುಚ್ಚಿಡಬೇಡ. ನಕ್ಕರೆ ನಕ್ಕರು ಎಂದೇ ಬರೆ.

ಹೆದರಿದ
ರೌಫ್

*

ಹರಿಹರ
26 ಏಪ್ರಿಲ್ 1959

ಹೇಡಿ ತಮ್ಮನಿಗೆ,

ನಕ್ಕರು.

ಮುಚ್ಚಿಡಬೇಡ ಎಂದೆಯಲ್ಲ, ಅದಕ್ಕೆ ಮೊದಲೇ ಹೇಳಿದೆ. ಈಗ ಕೂತುಕೊಂಡು ಪೂರ್ತಿ ಓದು.

ಟೆಂಟು ಕಟ್ಟುವುದನ್ನು ನೋಡಲು ಹೋಗಿದ್ದ ಉಜ್ಜನಪ್ಪ ಕಾಕಾ ಧೋತರ ಎತ್ತಿಕೊಂಡು ಓಡಿ ಬಂದರು. ಬಂದವರೇ ಅಬ್ಬಾನಿಗೆ, ಹಯಾತ್ ಸಾಬ್ರೆ, ನಿಮ್ಮ ಅಂಗಡಿಯನ್ನು ಕಿತ್ತು ಟೆಂಟಿನಲ್ಲಿ ಇಟ್ಟಿದ್ದಾರೆ, ನನ್ನದನ್ನೂ ಇಟ್ಟಿದ್ದಾರೆ, ನಡೀರಿ ನೋಡೋಣ ಎಂದರು. ಅಬ್ಬಾ ಒಲೆಗೆ ನೀರು ಹಾಕಿ, ಕೈ ತೊಳೆದು, ಈದಿಗೆ ಹೊಲಿಸಿದ ಅಂಗಿ ಹಾಕಿಕೊಂಡರು. ಹುಟ್ಟಿದಾಗಿನಿಂದ ನಾಟಕದ ಟೆಂಟಿಗೆ ಕಾಲಿಡದ ಮನುಷ್ಯ, ಕಾಕಾ ಜೊತೆ ಮುಂದಿನ ಬೆಂಚಿನಲ್ಲಿ ಕೂತರು. ನಾನು ಮರುಳಸಿದ್ದಮ್ಮ ಕಾಕಿಯ ಜೊತೆ ಹೆಂಗಸರ ಕಡೆ ಕೂತೆ.

ದರ್ಬಾರು ಮುಗಿದು ಬೀದಿ ಪರದೆ ಇಳಿಯಿತು. ಹಿಂದಿನಿಂದ ಯಾರೋ, ಅದು ನಮ್ಮ ಪೇಟೆ ಬೀದಿ ಅಲ್ಲೇನೋ ಎಂದರು. ಅಷ್ಟೇ ನೋಡು. ಇಡೀ ಟೆಂಟು ನಗತೊಡಗಿತು. ಚೌಡವ್ವನ ಕಟ್ಟೆ ನೋಡು, ಬಾಗಿದ ಕಂಬ ನೋಡು, ಇನ್ನೂ ಸರಿ ಮಾಡಿಸಿಲ್ಲ ಎಂದು ಒಬ್ಬರಿಗೊಬ್ಬರು ತೋರಿಸುತ್ತ ನಕ್ಕರು. ನಿಮ್ಮ ಮಾಲೀಕರ ಮುಖ ಬದಿಯಲ್ಲಿ ಕಾಣುತ್ತಿತ್ತು, ಹರಳೆಣ್ಣೆ ಕುಡಿದವರ ಹಾಗಿತ್ತು. ಅಷ್ಟರಲ್ಲಿ ಹೊಳೆಯ ಕಡೆಯಿಂದ ಗಾಳಿ ಬಂದು ಪರದೆ ಮೆಲ್ಲಗೆ ಆಡಿತು, ನಮ್ಮ ಅಂಗಡಿಯ ಹೊಗೆ ಎದ್ದಿತು. ಮರುಳಸಿದ್ದಮ್ಮ ಕಾಕಿ ಸೆರಗಿನಿಂದ ಮೂಗು ಮುಚ್ಚಿಕೊಂಡರು. ನಗುತ್ತಿದ್ದ ಜನ ಹಾಗೇ ನೋಡುತ್ತ ಕೂತರು.

ಹಾಸ್ಯದ ಕರಿಬಸವರಾಜ ತನ್ನ ಮಾತು ಮರೆತು ತಾನೂ ಹಿಂದೆ ತಿರುಗಿ ನೋಡುತ್ತಿದ್ದ. 'ಅಂಗಡಿ ತೆಗೆದೈತೆ, ಹಯಾತ್ ಸಾಬ್ರು ಎಲ್ಲಿ?' ಎಂದು ಜನರ ಮಧ್ಯದಿಂದ ಕೂಗು ಬಂತು. ಅವನಿಗೆ ಅಷ್ಟೇ ಸಾಕಾಯಿತು. ನಮ್ಮ ಅಂಗಡಿಯ ಮುಂದೆ ಕುಕ್ಕುರು ಕೂತು, ಕೈಯಲ್ಲಿದ್ದ ಚೊಂಬನ್ನು ಪರದೆಗೆ ತೋರಿಸುತ್ತ ಕರೆದ. 'ಏನ್ರಿ ಹಯಾತ್ ಸಾಬ್ರೆ, ಒಲೆ ಹಚ್ಚಿ ಎಲ್ಲಿ ಹೋಗೀರಿ? ಚೊಂಬಿಗೆ ಕಲಾಯಿ ಆಗಬೇಕಿತ್ರಿ.'

ರೌಫ್, ಅಬ್ಬಾ ಎದ್ದು ನಿಂತರು.

'ಇಲ್ಲೇ ಅದೀನ್ರಿ. ಇವತ್ತು ಕಲಾಯಿ ಇಲ್ಲ. ನನ್ನ ಮಗ ಬರೆದ ಪರದೆ ನೋಡಾಕೆ ಬಂದೀನಿ.'

ಹೇಳಿ ಕೂತುಬಿಟ್ಟರು. ಆಮೇಲೆ ಬಿದ್ದ ಚಪ್ಪಾಳೆಗೆ ಕರಿಬಸವರಾಜ ತನ್ನ ಮಾತನ್ನು ಮತ್ತೆ ಮೊದಲಿನಿಂದ ಶುರು ಮಾಡಬೇಕಾಯಿತು. ನಾನು ಬುರ್ಖಾದೊಳಗೆ ಅಳುತ್ತಿದ್ದೆ, ಕಾಕಿ ಬೆನ್ನು ಸವರಿದರು.

ಆಟ ಮುಗಿದ ಮೇಲೆ ನಿಮ್ಮ ಮಾಲೀಕರು ಅಬ್ಬಾನ ಹತ್ತಿರ ಬಂದರು. ಜನ ನಕ್ಕರೆ ತೊಳೆಸುತ್ತೇನೆ ಎಂದಿದ್ದೆ, ಈಗ ತೊಳೆಸಿದರೆ ಹರಿಹರದವರು ನನ್ನನ್ನೇ ಹೊಳೆಗೆ ಹಾಕುತ್ತಾರೆ ಎಂದರು. ಇನ್ನು ಹೋದ ಹೋದ ಊರಿನವರೆಲ್ಲ ತಮ್ಮ ಬೀದಿ ಎಲ್ಲಿ ಎಂದು ಕೇಳುತ್ತಾರೆ, ಆ ಖರ್ಚು ಯಾರು ಕೊಡುತ್ತಾರೆ ಎಂದು ಗೊಣಗಿದರು. ಆದರೆ ಬಾಯಿ ನಗುತ್ತಿತ್ತು. ನಿನ್ನ ಉಸ್ತಾದರು ಅಬ್ಬಾನ ಕೈ ಹಿಡಿದು ಪರದೆಯ ಕೆಳಗಿನ ಮೂಲೆಗೆ ಕರೆದುಕೊಂಡು ಹೋದರು. ಅಲ್ಲಿ ಒಂದು ಗೇಣು ಖಾಲಿ ಇತ್ತು. 'ಇಲ್ಲಿ ನನ್ನ ಹೆಸರು ಹಾಕಿದ್ರೆ ಕಳ್ಳತನ ಆಗ್ತಿತ್ತು. ಅವನಿಗೆ ಬಿಟ್ಟೀನಿ' ಎಂದರು. ನಾನು ಮಾರ್ಚಿನಲ್ಲೇ ಹೇಳಿದ್ದೆ, ದಡ್ಡ.

ಮನೆಗೆ ಬರುವ ದಾರಿಯಲ್ಲಿ ಅಬ್ಬಾ ಒಂದೇ ಕೇಳಿದರು. 'ಎಲ್ಲಾ ಬರೆದಾನೆ. ನನ್ನ ಯಾಕ ಬರೀಲಿಲ್ಲ?' ನೀವೇ ಬೇಡ ಎಂದಿದ್ದಿರಿ, ಹೊಸಿಲ ಮೇಲೆ ನಿಂತು ಮಾತು ತೆಗೆದುಕೊಂಡಿದ್ದಿರಿ ಎಂದೆ. ಅಬ್ಬಾ ನಮ್ಮ ಅಂಗಡಿಯ ಮುಂದೆ ನಿಂತು, ಮುಚ್ಚಿದ ಬಾಗಿಲನ್ನು ಯಾರದೋ ಅಂಗಡಿಯನ್ನು ನೋಡುವ ಹಾಗೆ ನೋಡಿದರು. 'ಮಾತು ಉಳಿಸಿಕೊಂಡಾನೆ' ಎಂದರು.

ಮಾರನೆಯ ಬೆಳಿಗ್ಗೆ ಕಾರ್ಖಾನೆಗೆ ಹೋಗಿ ಸಾಹೇಬರಿಗೆ, ನನ್ನ ಮಗನಿಗೆ ಕೆಲಸ ಇದೆ, ಬೇರೆಯವರ ಮಗನನ್ನು ತೆಗೆದುಕೊಳ್ಳಿ ಎಂದು ಹೇಳಿ ಬಂದರು. ಈಗ ತಿದಿ ನಿಲ್ಲಿಸಿ ಪಕ್ಕದಲ್ಲೇ ಕೂತಿದ್ದಾರೆ, ಇದನ್ನೂ ಬರೆ ಎನ್ನುತ್ತಿದ್ದಾರೆ.

'ಬಣ್ಣ ಹಚ್ಚಿದ್ರೆ ಏನು ಕೆಡಲ್ಲ ಅಂತ ಕೇಳಿದ್ದೆ. ಇನ್ನು ಬರೆಯೋದು ಬ್ಯಾಡ, ನೋಡಿದೆ. ಗೋಣಿಚೀಲ ಮಾತ್ರ ಹರಿದದ್ದು ಬರೆದೀಯ. ಅದನ್ನ ಹೋದ ವರ್ಷನೇ ಬದಲಾಯಿಸೀನಿ. ಊರವರೆಲ್ಲ ನೋಡಿದ್ರು. ಬಂದು ಸರಿ ಮಾಡು.'

ನಿನ್ನ ಆಪಾ,
ಮಾಸೂಮಾ

*

ದಾವಣಗೆರೆ
28 ಏಪ್ರಿಲ್ 1959

ಅಬ್ಬಾ ಅವರಿಗೆ, ಅಮ್ಮಿಗೆ, ಆಪಾಗೆ ಸಲಾಂ.

ನಿಮ್ಮ ಕಾಗದವನ್ನು ಮಂಡಕ್ಕಿ ಅಂಗಡಿಯ ಮುಂದೆ ನಿಂತು ಓದಿದೆ. ಮತ್ತೆ ಓದಿದೆ. ಅಂಗಡಿಯವನು ಏನಾಯಿತು ಅಜ್ಜಾರೆ ಎಂದು ನೀರು ಕೊಟ್ಟ.

ನಾಳೆ ಬೆಳಗಿನ ಗಾಡಿಗೆ ಬರುತ್ತೇನೆ. ಮೊದಲು ಗೋಣಿಚೀಲ ಸರಿ ಮಾಡುತ್ತೇನೆ, ಆಮೇಲೆ ಮೂಲೆಗೆ ಹೋಗುತ್ತೇನೆ. ಹೆಸರಿನ ಹಿಂದೆ ಏನು ಹಾಕಬೇಕೆಂದು ನಿನ್ನೆಯಿಂದ ಯೋಚಿಸುತ್ತಿದ್ದೆ. ಕಲಾವಿದ ಎಂದು ಬರೆದು ನೋಡಿದೆ, ಪೇಂಟರ್ ಎಂದೂ ಬರೆದು ನೋಡಿದೆ. ಎರಡೂ ಗೇಣು ಜಾಗಕ್ಕೆ ದೊಡ್ಡವಾದವು. ಟೆಂಟಿನಲ್ಲಿ ಎದ್ದು ನಿಂತು ನಾನು ಯಾರೆಂದು ಅಬ್ಬಾ ಆಗಲೇ ಹೇಳಿದ್ದಾರೆ, ಹರಿಹರವೆಲ್ಲ ಕೇಳಿದೆ. ಬರಿ ಹೆಸರು ಸಾಕು.

ರೌಫ್